ಗೇಣು ಮತ್ತು ಏಣಿ

ಅವರಿಬ್ಬರೂ ಅವಳಿಗಳು ಎಂದರೆ ಯಾರೂ ನಂಬುತ್ತಿರಲಿಲ್ಲ. ಮುಖ ನೋಡಿದರೆ ನಂಬಬಹುದಿತ್ತು. ಅದೇ ಹುಬ್ಬು, ಅದೇ ಮೊಂಡು ಗದ್ದ, ನಕ್ಕಾಗ ಎಡಗೆನ್ನೆಯಲ್ಲಿ ಮಾತ್ರ ಬೀಳುವ ಅದೇ ಗುಳಿ. ಆದರೆ ಒಬ್ಬಳ ಮುಖ ನೋಡಲು ಬಗ್ಗಬೇಕು, ಇನ್ನೊಬ್ಬಳದ್ದು ನೋಡಲು ಕತ್ತೆತ್ತಬೇಕು. ಒಂದೇ ಸಲ ಎರಡೂ ಮುಖ ನೋಡುವ ಅವಕಾಶ ಯಾರಿಗೂ ಸಿಗುತ್ತಿರಲಿಲ್ಲ. ಮೊದಲು ಹುಟ್ಟಿದ ಅಕ್ಕ ತಂಗಿಯ ಹೆಗಲಿಗೂ ಬರುತ್ತಿರಲಿಲ್ಲ. ಶಾಲೆಯಲ್ಲಿ ಯಾವಳೋ ತುಂಟಿ ಅಕ್ಕನಿಗೆ ಗೇಣು ಎಂದೂ ತಂಗಿಗೆ ಏಣಿ ಎಂದೂ ಹೆಸರಿಟ್ಟಳು. ಪ್ರಾಸ ಚೆನ್ನಾಗಿ ಕೂತಿದ್ದರಿಂದ ಹೆಸರೂ ಕೂತುಬಿಟ್ಟಿತು. ಒಂದು ಸಂಜೆ ಅಮ್ಮನೇ ಬಾಗಿಲಲ್ಲಿ ನಿಂತು, “ಏಣೀ, ಗೇಣು ಎಲ್ಲೇ?” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ ಮೇಲೆ ಅದನ್ನು ತಡೆಯುವವರೇ ಇರಲಿಲ್ಲ.

“ಎರಡು ಬೇರೆ ಬೇರೆ ಮೊಟ್ಟೆಯ ಅವಳಿ ಇರಬೇಕು ಬಿಡಿ,” ಎಂದು ನೆಂಟರು ಹೇಳುತ್ತಿದ್ದರು. ಅಮ್ಮ ಒಪ್ಪುತ್ತಿರಲಿಲ್ಲ.

“ಒಂದೇ ಕಣ್ರೀ. ಹೆತ್ತವಳು ನಾನು, ನನಗೆ ಗೊತ್ತಿಲ್ವಾ? ಹುಟ್ಟಿದಾಗ ನನಗೇ ಗುರುತು ಸಿಗ್ತಿರಲಿಲ್ಲ. ದೊಡ್ಡವಳ ಪಾದ ಮಾತ್ರ ಬನ್ನಿನ ಹಾಗೆ ಊದ್ಕೊಂಡಿತ್ತು. ಹೊದಿಕೆ ಸರಿಸಿ ಕಾಲು ನೋಡಿ ಯಾರು ಯಾರು ಅಂತ ತಿಳ್ಕೋತಿದ್ದೆ.”

ಪಾದದ ಊತ ಕೆಲವು ತಿಂಗಳಲ್ಲಿ ಇಳಿಯಿತು. ಮೊದಲ ಮೂರ್ನಾಲ್ಕು ವರ್ಷ ಇಬ್ಬರಿಗೂ ಒಂದೇ ಅಳತೆಯ ಅಂಗಿ ಆಗುತ್ತಿತ್ತು. ಆಮೇಲೆ ಏಣಿ ಬೆಳೆಯತೊಡಗಿದಳು, ಗೇಣು ನಿಧಾನಿಸಿದಳು. ಏಣಿಗೆ ಚಿಕ್ಕದಾದ ಅಂಗಿಯನ್ನು ಅಕ್ಕ ತೊಡುವಂತಾಯಿತು. ಅಕ್ಕನ ಹಳೆಯದು ತಂಗಿಗೆ ಬರುವುದು ಲೋಕರೂಢಿ. ಇವರ ಮನೆಯಲ್ಲಿ ನದಿ ಹಿಂದಕ್ಕೆ ಹರಿಯಿತು. ಓದುವುದರಲ್ಲಿ, ಮಾತಿನಲ್ಲಿ, ಜಗಳದಲ್ಲಿ ಮಾತ್ರ ಗೇಣು ಒಂದು ಕೈ ಮೇಲೆಯೇ. ಬೆಳೆದು ದೊಡ್ಡವಳಾಗುವ ವಯಸ್ಸಿಗೆ ಏಣಿ ದೊಡ್ಡವಳಾದಳು, ಗೇಣು ಆಗಲಿಲ್ಲ. ಬೀದಿ ಕೊನೆಯ ವೈದ್ಯರು, “ಕೆಲವರಿಗೆ ತಡ, ಗಾಬರಿ ಬೇಡ,” ಎಂದು ಗುಳಿಗೆ ಬರೆದುಕೊಟ್ಟರು. ಗುಳಿಗೆ ನುಂಗಿದಷ್ಟು ದಿನ ಮುಟ್ಟು ಬಂತು, ಬಿಟ್ಟಾಗ ನಿಂತಿತು. ವೈದ್ಯರು ಊರು ಬಿಟ್ಟು ಹೋದರು, ಗುಳಿಗೆಯೂ ಹೋಯಿತು. ಆ ಪ್ರಶ್ನೆಯನ್ನು ಮತ್ತೆ ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಬರಲಿಲ್ಲ.

ಗೇಣು ನಾಟಕಮಂದಿರ ಸೇರಿದಳು. ಅಲ್ಲಿನ ಮೇಲಂತಸ್ತಿನಲ್ಲಿ ವೇಷಭೂಷಣದ ಕೋಣೆ. ಉದ್ದಕ್ಕೂ ಕಬ್ಬಿಣದ ಕಂಬಿಗಳು, ಕಂಬಿಗಳ ತುಂಬ ಸೈನಿಕರ ಕೋಟು, ರಾಣಿಯರ ಗೌನು, ನ್ಯಾಯಾಧೀಶರ ಕರಿ ನಿಲುವಂಗಿ. ಕಿಟಕಿಯ ಕೆಳಗೆ ಎರಡು ಹೊಲಿಗೆ ಯಂತ್ರ. ಇಸ್ತ್ರಿಯ ಹಬೆ, ನುಸಿಗುಳಿಗೆ ಮತ್ತು ನಟರ ಬೆವರಿನ ವಾಸನೆ ಸೇರಿ ಆ ಕೋಣೆಗೆ ತನ್ನದೇ ಒಂದು ಗಾಳಿ ಇತ್ತು. ಅವಳಿಗೆ ಅದು ಮನೆಯ ಗಾಳಿಗಿಂತ ಹಿತ. ರಾಜನ ಮೇಲಂಗಿಗೆ ಅಸ್ತರು ಹಾಕುತ್ತ, ಮೊದಲ ಅಂಕದಲ್ಲಿ ಹರಿದದ್ದನ್ನು ಮೂರನೇ ಅಂಕದೊಳಗೆ ಹೊಲಿಯುತ್ತ, ಮೈ ಬಂದ ನಾಯಕನಿಗೆ, “ನೀವು ದಪ್ಪ ಆಗಿಲ್ಲ ಸಾರ್, ಬಟ್ಟೆ ಕುಗ್ಗಿದೆ,” ಎಂದು ಸುಳ್ಳು ಹೇಳುತ್ತ ವರ್ಷಗಳು ಹೋದವು.

ರಂಗಸಜ್ಜಿಕೆಯ ಬಡಗಿಯ ಪರಿಚಯವಾದದ್ದೂ ಅಲ್ಲಿಯೇ, ಅದೂ ಜಗಳದಿಂದ. ಅವನು ಮಾಡಿದ ಕಿಟಕಿಗೆ ಅವಳು ಹೊಲಿದ ಪರದೆ ಒಂದು ಮೊಳ ಮೇಲಕ್ಕೆ ನಿಂತಿತು. “ನಿಮ್ಮ ಅಳತೆಯೂ ನಿಮ್ಮ ಹಾಗೇ ಮೋಟು,” ಎಂದ. ಅವಳು ಅಳತೆ ಪಟ್ಟಿಯನ್ನು ಅವನ ಮುಖಕ್ಕೆ ಎಸೆದಳು. ಮರುದಿನ ಅವನು ಕಿಟಕಿಯನ್ನೇ ಒಂದು ಮೊಳ ಮೇಲೆ ಕೂರಿಸಿ ಬಂದು ಹೇಳಿದ. ಆಮೇಲೆ ಇಬ್ಬರೂ ಊಟದ ಹೊತ್ತಿಗೆ ಒಂದೇ ಬೆಂಚಿನಲ್ಲಿ ಕೂರತೊಡಗಿದರು.

ಮದುವೆಯ ಮಾತು ಬಂದಾಗ ಗೇಣು ಸುತ್ತಿ ಬಳಸದೆ ಹೇಳಿದಳು: “ನನಗೆ ಮುಟ್ಟಾಗಲ್ಲ. ಮಕ್ಕಳಾಗೋದು ಅನುಮಾನ. ಯೋಚನೆ ಮಾಡು.”

ಬಡಗಿ ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟು ಗಂಭೀರವಾಗಿ, “ನಾನು ಗೊರಕೆ ಹೊಡೀತೀನಿ. ಪಕ್ಕದ ಮನೆಯವರು ಗೋಡೆ ಗುದ್ದೋಷ್ಟು. ನೀನೂ ಯೋಚನೆ ಮಾಡು,” ಎಂದ.

ಹಾಗೆ ಮದುವೆಯಾಯಿತು. ಅಪ್ಪ ತೀರಿಕೊಂಡ ಮೇಲೆ ಒಬ್ಬಳೇ ಆಗಿದ್ದ ಅಮ್ಮನೂ ಇವರ ಜೊತೆಗೆ ಬಂದು ಸೇರಿದಳು. ಏಣಿ ಅಷ್ಟರಲ್ಲಿ ಡ್ರೈವಿಂಗ್ ಶಾಲೆಯೊಂದರಲ್ಲಿ ಕಾರು ಕಲಿಸುವ ಕೆಲಸ ಹಿಡಿದಿದ್ದಳು. ಗಂಡ, ಒಬ್ಬಳು ಮಗಳು, ಎರಡು ಬೀದಿ ಆಚೆ ಮನೆ. ಕಲಿಯಲು ಬಂದವರಿಗೆ ಗದರಿ ಗದರಿ ಅವಳ ಗಂಟಲು ಸದಾ ಒಡೆದಿರುತ್ತಿತ್ತು. ಪುಟ್ಟ ಮಗಳು ಗೇಣುವನ್ನು “ದೊಡ್ಡಮ್ಮ” ಎಂದು ಕರೆದಾಗ ಬಸ್ಸಿನಲ್ಲಿದ್ದವರು ತಿರುಗಿ ನೋಡುತ್ತಿದ್ದರು. “ಅಳತೆಗೆ ದೊಡ್ಡಮ್ಮ ಅಲ್ಲ, ಅಧಿಕಾರಕ್ಕೆ,” ಎಂದು ಗೇಣು ಅವರಿಗೆ ವಿವರಿಸುತ್ತಿದ್ದಳು.

ಮೂವತ್ತು ದಾಟಿದ ಮೇಲೆ ಅವಳಿಗೆ ಮೆಟ್ಟಿಲು ಕಷ್ಟವಾಗತೊಡಗಿತು. ಮೇಲಂತಸ್ತಿಗೆ ಬರುವಷ್ಟರಲ್ಲಿ ಮೀನಖಂಡ ಹಿಡಿದುಕೊಳ್ಳುತ್ತಿತ್ತು, ತಲೆ ಧಿಮಿಗುಡುತ್ತಿತ್ತು. ಕೆಲಸ ಜಾಸ್ತಿ, ಅದಕ್ಕೇ ಎಂದುಕೊಂಡಳು. ನಾಟಕಮಂದಿರದವರು ವರ್ಷಕ್ಕೊಮ್ಮೆ ಎಲ್ಲರಿಗೂ ಆರೋಗ್ಯ ತಪಾಸಣೆ ಮಾಡಿಸುತ್ತಿದ್ದರು. ಆ ವರ್ಷ ಬಂದದ್ದು ಒಬ್ಬ ಹೊಸ ಡಾಕ್ಟರು, ಇನ್ನೂ ಮೀಸೆ ಸರಿಯಾಗಿ ಬಲಿಯದವನು. ಹಿಂದಿನವರು ತೂಕ ನೋಡಿ, ನಾಲಿಗೆ ನೋಡಿ ಕಳಿಸುತ್ತಿದ್ದರು. ಇವನು ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದವನು ಮತ್ತೊಮ್ಮೆ ನೋಡಿದ. ಆಮೇಲೆ ಕಾಲಿಗೂ ಪಟ್ಟಿ ಸುತ್ತಿದ. ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದ. ಕೈ ಚಾಚಿಸಿ ಮೊಣಕೈ ಹೊರಕ್ಕೆ ಬಾಗಿದ್ದನ್ನು ನೋಡಿದ, ಹಿಂದೆ ಬಂದು ಕತ್ತಿನ ಅಗಲ ನೋಡಿದ.

“ಏನು ಡಾಕ್ಟ್ರೇ, ಕೋಟಿಗೆ ಅಳತೆ ತಗೊಳ್ತಿದ್ದೀರಾ?” ಎಂದಳು ಗೇಣು.

ಅವನು ನಗಲಿಲ್ಲ. ಕಿವಿ ಕೆಂಪಾಗಿಸಿಕೊಂಡು, ಮುಟ್ಟಿನ ವಿಷಯ ಕೇಳಿದ. ಅವಳು ಹೇಳಿದಳು. “ಅಕ್ಕ ತಂಗಿಯರು ಇದ್ದಾರಾ?” ಎಂದು ಕೇಳಿದ.

“ಅವಳಿ ತಂಗಿ ಇದ್ದಾಳೆ. ಎತ್ತರ ಇದ್ದಾಳೆ, ಮಗಳೂ ಇದ್ದಾಳೆ. ಏನೂ ತೊಂದರೆ ಇಲ್ಲ.”

“ಅಂದ್ರೆ ಬೇರೆ ಬೇರೆ ಮೊಟ್ಟೆ,” ಎಂದು ಅವನು ತನ್ನಷ್ಟಕ್ಕೆ ಹೇಳಿಕೊಂಡ. ಗೇಣು ಅಭ್ಯಾಸಬಲದಿಂದ, “ಅಮ್ಮ ಒಂದೇ ಅಂತಾರೆ,” ಎಂದಳು.

ಹೀಗೆ ಅವಳು ಅವನು ಬರೆದುಕೊಟ್ಟ ಚೀಟಿ ಹಿಡಿದು ದೊಡ್ಡ ಆಸ್ಪತ್ರೆಯ ತಳಿವಿಜ್ಞಾನ ವಿಭಾಗಕ್ಕೆ ಹೋದಳು. ಅಲ್ಲಿನ ಡಾಕ್ಟರಮ್ಮ ಮಧ್ಯವಯಸ್ಸಿನ, ತುಂಬಿದ ಮೈಯ ಹೆಂಗಸು. ಕನ್ನಡಕವನ್ನು ತಲೆಗೇರಿಸಿಕೊಂಡು ಮೇಜಿನ ಮೇಲೆಲ್ಲ ಕನ್ನಡಕ ಹುಡುಕುವವರು. ಒಂದು ಕೊಳವೆ ರಕ್ತ ತೆಗೆಸಿ, “ಇದರಲ್ಲಿರೋ ಜೀವಕೋಶಗಳನ್ನ ಸಾಕಿ ಬೆಳೆಸ್ತೀವಿ. ಅವು ಒಡೆದು ಎರಡಾಗೋ ಹೊತ್ತಿಗೆ ಸರಿಯಾಗಿ ತಡೆದು ನಿಲ್ಲಿಸಿ ಫೋಟೋ ತೆಗೀತೀವಿ. ಆಗ ಮಾತ್ರ ಒಳಗಿನ ವರ್ಣತಂತುಗಳು ಒಂದೊಂದಾಗಿ ಕಾಣೋದು. ಸ್ವಲ್ಪ ದಿನ ಹಿಡಿಯತ್ತೆ,” ಎಂದರು.

ಫಲಿತಾಂಶ ಬಂದಾಗ ಡಾಕ್ಟರಮ್ಮನಿಗೇ ಸಮಾಧಾನವಾಗಲಿಲ್ಲ. ಕೆಲವು ಕೋಶಗಳಲ್ಲಿ ನಲವತ್ತಾರು ವರ್ಣತಂತು ಸರಿಯಾಗಿದ್ದವು, ಕೆಲವದರಲ್ಲಿ ಒಂದು ಕಡಿಮೆ. “ನಿಮ್ಮ ತಂಗೀನ ಕರ್ಕೊಂಡು ಬನ್ನಿ,” ಎಂದರು. ಏಣಿ ಒಬ್ಬ ವಿದ್ಯಾರ್ಥಿಯನ್ನು ಅರ್ಧ ಪಾಠದಲ್ಲೇ ಬಿಟ್ಟು ಓಡಿ ಬಂದಳು. ಅವಳ ರಕ್ತದಲ್ಲೂ ಅದೇ ಬೆರಕೆ! ಇಷ್ಟೆತ್ತರ ಬೆಳೆದು, ಮಗಳನ್ನು ಹೆತ್ತು, ಯಾವ ಕಾಯಿಲೆಯೂ ಇಲ್ಲದವಳ ರಕ್ತದಲ್ಲಿ! ಏಣಿಯ ಮುಖ ಬಿಳಿಚಿಕೊಂಡಿತು. ಡಾಕ್ಟರಮ್ಮನ ಮುಖ ಮಾತ್ರ ಬೀಗ ತೆಗೆಯುವ ಸದ್ದು ಕೇಳಿದವರ ಹಾಗೆ ಅರಳಿತು. ಇಬ್ಬರ ಕೆನ್ನೆಯ ಒಳಗಿನಿಂದಲೂ ಹತ್ತಿಯಲ್ಲಿ ಸವರಿ ತೆಗೆದರು, ತೋಳಿನಿಂದ ಸಾಸಿವೆ ಕಾಳಿನಷ್ಟು ಚರ್ಮ ತೆಗೆದರು. “ಮುಂದಿನ ಸಲ ಬರುವಾಗ ಅಮ್ಮನನ್ನೂ ಕರ್ಕೊಂಡು ಬನ್ನಿ,” ಎಂದರು.

ಅಮ್ಮ ಮದುವೆಮನೆಗೆ ಹೊರಟವಳಂತೆ ಸಿದ್ಧಳಾಗಿ ಬಂದಳು. ಹೆದರಿದಾಗಲೆಲ್ಲ ಅವಳು ಒಳ್ಳೆಯ ಬಟ್ಟೆ ಉಡುತ್ತಿದ್ದಳು. ಮೂವರೂ ಮೇಜಿನ ಎದುರು ಸಾಲಾಗಿ ಕೂತರು. ಡಾಕ್ಟರಮ್ಮ ಎರಡು ಫೋಟೋಗಳನ್ನು ಅಕ್ಕಪಕ್ಕ ಇಟ್ಟರು. ಎರಡರಲ್ಲೂ ಚಿಕ್ಕ ಚಿಕ್ಕ ಪಟ್ಟೆಯ ಕಡ್ಡಿಗಳು ಜೋಡಿ ಜೋಡಿಯಾಗಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನಿಂತಿದ್ದವು. ಒಂದರ ಕೊನೆಯಲ್ಲಿ ಮಾತ್ರ ಒಂದು ಕಡ್ಡಿ ಒಂಟಿಯಾಗಿತ್ತು.

“ಇದು ನಾನಾ?” ಎಂದು ಗೇಣು ಆ ಒಂಟಿ ಕಡ್ಡಿಯ ಮೇಲೆ ಬೆರಳಿಟ್ಟಳು.

“ಹೌದಮ್ಮ. ನಿಮ್ಮ ಚರ್ಮದಲ್ಲಿ, ಕೆನ್ನೆಯಲ್ಲಿ ಎಲ್ಲ ಕಡೆ ಎಕ್ಸ್ ಅನ್ನೋ ವರ್ಣತಂತು ಒಂದೇ ಇದೆ. ಹೆಂಗಸರಿಗೆ ಎರಡಿರಬೇಕು. ನಿಮ್ಮ ತಂಗಿಗೆ ಎರಡೂ ಇದೆ. ಇದಕ್ಕೆ ಟರ್ನರ್ ಅಂತಾರೆ. ಎತ್ತರ, ಮುಟ್ಟು, ಹುಟ್ಟಿದಾಗ ಕಾಲು ಊದಿದ್ದು, ಎಲ್ಲಕ್ಕೂ ಅದೇ ಕಾರಣ. ಆದ್ರೆ ಇಬ್ಬರೂ ಒಂದೇ ಮೊಟ್ಟೆಯಿಂದ ಬಂದವರು. ಅದರಲ್ಲಿ ಅನುಮಾನವೇ ಇಲ್ಲ.”

“ನಾನು ಹೇಳ್ಲಿಲ್ವಾ!” ಎಂದಳು ಅಮ್ಮ, ಮೇಜು ಗುದ್ದಿ. ಹೇಳಿದ ಕೂಡಲೇ ಅವಳ ಧ್ವನಿ ಇಳಿಯಿತು. “ಹಾಗಾದ್ರೆ ಒಬ್ಬಳಿಗೆ ಮಾತ್ರ ಯಾಕೆ ಹೀಗಾಯ್ತು ಡಾಕ್ಟ್ರೇ?”

“ಮೊದಲು ಇವರಿಬ್ಬರೂ ಒಂದೇ ಕೋಶ. ಅದು ಒಡೆದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯತ್ತೆ. ಪ್ರತಿ ಸಲ ಒಡೆಯೋ ಮುಂಚೆ ಎಲ್ಲ ವರ್ಣತಂತುಗಳದ್ದೂ ಒಂದೊಂದು ನಕಲು ಆಗತ್ತೆ. ಆಮೇಲೆ ಅರ್ಧ ಈ ಕಡೆ, ಅರ್ಧ ಆ ಕಡೆ ಹೋಗಿ, ನಡುವೆ ಗೋಡೆ ಏಳತ್ತೆ. ಸಾಮಾನ್ಯವಾಗಿ ತಪ್ಪೇ ಆಗಲ್ಲ. ಒಂದೊಂದು ಸಲ ಒಂದು ತಂತು ಹಿಂದೆ ಬೀಳತ್ತೆ, ಅಷ್ಟರಲ್ಲಿ ಗೋಡೆ ಎದ್ದುಬಿಡತ್ತೆ. ಅದು ಕಳೆದೇಹೋಗತ್ತೆ. ಆ ಕೋಶದಿಂದ ಹುಟ್ಟೋ ಕೋಶಗಳಿಗೆಲ್ಲ ಅದು ಇರಲ್ಲ. ಆ ಕಡೆಯ ಗುಂಪು ಬೇರೆಯಾಗಿ ನಿಮ್ಮ ದೊಡ್ಡ ಮಗಳಾಯ್ತು, ಈ ಕಡೆಯದು ಚಿಕ್ಕವಳಾಯ್ತು.”

ಅಮ್ಮ ಮಡಿಲಲ್ಲಿದ್ದ ಚೀಲದ ಹಿಡಿಯನ್ನು ತಿರುವುತ್ತ, ಹೆಣ್ಣುಮಕ್ಕಳ ಕಡೆ ನೋಡದೆ ಕೇಳಿದಳು: “ಹಾಲು ಕಡಿಮೆ ಆದ್ರೆ ಹೀಗಾಗತ್ತಾ?”

“ಯಾವ ಹಾಲು?”

“ನನ್ನ ಹಾಲು. ಇಬ್ಬರಿಗೆ ಸಾಲ್ತಿರಲಿಲ್ಲ. ಚಿಕ್ಕವಳು ಗಂಟಲು ಹರ್ಕೊಂಡು ಅಳೋಳು, ಅವಳಿಗೆ ಮೊದಲು ಕೊಡ್ತಿದ್ದೆ. ಇವಳು ಸುಮ್ಮನೆ ಮಲಗಿರೋಳು. ಉಳಿದದ್ದು ಇವಳಿಗೆ. ಕೆಲವು ಸಲ ಏನೂ ಉಳೀತಿರಲಿಲ್ಲ.”

ಗೇಣು ಮತ್ತು ಏಣಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಿಕ್ಕಂದಿನಿಂದ ಗೇಣುವಿನ ತಟ್ಟೆಗೆ ಯಾಕೆ ಒಂದು ಮೊಟ್ಟೆ ಜಾಸ್ತಿ ಬೀಳುತ್ತಿತ್ತು, ಮದುವೆಯಾದ ಮೇಲೂ ಅಮ್ಮ ಅವಳು ಉಂಡು ಮುಗಿಸುವ ತನಕ ಯಾಕೆ ಎದುರಿಗೇ ಕೂತಿರುತ್ತಿದ್ದಳು ಎಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

ಡಾಕ್ಟರಮ್ಮ ಎದ್ದು ಈಚೆ ಬಂದು ಅಮ್ಮನ ಪಕ್ಕದ ಕುರ್ಚಿ ಎಳೆದುಕೊಂಡರು.

“ಅಮ್ಮ, ಇದು ಆಗಿದ್ದು ಯಾವಾಗ ಗೊತ್ತಾ? ಬಸಿರಾಗಿದ್ದೀನಿ ಅಂತ ನಿಮಗೇ ಗೊತ್ತಾಗೋಕ್ಕೂ ಎಷ್ಟೋ ಮುಂಚೆ. ಆಗ ಇಬ್ಬರೂ ಸೇರಿ ಒಂದು ಚುಕ್ಕೆಯಷ್ಟಿದ್ರು. ನೀವು ಏನು ತಿಂದ್ರಿ, ಏನು ಎತ್ತಿದ್ರಿ, ಯಾರಿಗೆ ಮೊದಲು ಹಾಲು ಕೊಟ್ರಿ, ಯಾವುದಕ್ಕೂ ಸಂಬಂಧ ಇಲ್ಲ. ಅಪ್ಪನ ಕಡೆಯದ್ದೂ ಅಲ್ಲ, ನಿಮ್ಮ ಕಡೆಯದ್ದೂ ಅಲ್ಲ. ಸುಮ್ಮನೆ ಆಯ್ತು. ಮನುಷ್ಯರ ಮೈಯಲ್ಲಿ ದಿನಾ ಕೋಟ್ಯಂತರ ಸಲ ಕೋಶ ಒಡೆಯತ್ತೆ, ಎಲ್ಲೋ ಒಂದು ಕಡೆ ಕೈ ತಪ್ಪತ್ತೆ.”

“ಹಾಲಿನಿಂದ ಅಲ್ವಾ?”

“ಅಲ್ಲ.”

“ಖಂಡಿತಾ?”

“ನನ್ನ ಕನ್ನಡಕದಾಣೆ,” ಎಂದರು ಡಾಕ್ಟರಮ್ಮ, ಮೇಜಿನ ಮೇಲೆ ಕೈಯಾಡಿಸುತ್ತ. “ಎಲ್ಲಿ ಹೋಯ್ತು ಅದು?”

“ತಲೆ ಮೇಲಿದೆ,” ಎಂದಳು ಅಮ್ಮ. ಹೇಳಿ ನಕ್ಕಳು. ನಗು ನಿಲ್ಲಲಿಲ್ಲ, ನಗುತ್ತ ನಗುತ್ತಲೇ ಅತ್ತಳು. ಏಣಿ ಒಂದು ಕಡೆಯಿಂದ, ಗೇಣು ಇನ್ನೊಂದು ಕಡೆಯಿಂದ ಹಿಡಿದುಕೊಂಡರು. ಅತ್ತು ಮುಗಿದ ಮೇಲೆ ಅವಳು ಮೂಗು ಒರೆಸಿಕೊಂಡು, “ನೀವು ಈ ಮಾತು ಮೂವತ್ತು ವರ್ಷದ ಹಿಂದೆ ಹೇಳಬಾರದಿತ್ತಾ?” ಎಂದು ಡಾಕ್ಟರಮ್ಮನನ್ನೇ ಬೈದಳು.

ರಕ್ತದ ಬೆರಕೆಯ ಗುಟ್ಟು ಆಮೇಲೆ ತಿಳಿಯಿತು. ಹೊಟ್ಟೆಯಲ್ಲಿ ಇಬ್ಬರಿಗೂ ಮಾಸು ಒಂದೇ ಇತ್ತು, ರಕ್ತ ಅತ್ತಿಂದಿತ್ತ ಹರಿದಿತ್ತು. ರಕ್ತ ಹುಟ್ಟಿಸುವ ಕೋಶಗಳು ಒಬ್ಬಳಿಂದ ಇನ್ನೊಬ್ಬಳಿಗೆ ಹೋಗಿ ಮೂಳೆಯೊಳಗೆ ಮನೆ ಮಾಡಿಕೊಂಡಿದ್ದವು. “ಇವತ್ತಿಗೂ ನಿಮ್ಮ ಅಕ್ಕನ ಮೈಯಲ್ಲಿ ನಿಮ್ಮ ರಕ್ತ ಹುಟ್ಟುತ್ತಿದೆ, ನಿಮ್ಮ ಮೈಯಲ್ಲಿ ಅವರದ್ದು,” ಎಂದರು ಡಾಕ್ಟರಮ್ಮ.

“ಬಾಡಿಗೆ ಕೊಡದೆ ಇಷ್ಟು ವರ್ಷ ಇದ್ಯಲ್ಲೇ,” ಎಂದಳು ಗೇಣು ತಂಗಿಗೆ.

“ಒಡಹುಟ್ಟು ಅಂದ್ರೆ ಸುಮ್ನೇನಾ?” ಎಂದಳು ಏಣಿ. ಅವಳ ಮುಖಕ್ಕೆ ಆಗ ಬಣ್ಣ ಮರಳಿತು.

ಮನೆಗೆ ಬಂದ ಕೂಡಲೇ ಅಮ್ಮ ಫೋನು ಹಿಡಿದಳು. ಎರಡು ಮೊಟ್ಟೆ ಎಂದವರಿಗೆಲ್ಲ ಒಬ್ಬೊಬ್ಬರಿಗಾಗಿ ಕರೆ ಮಾಡಿದಳು. ಮೊದಲು ಮಕ್ಕಳ ಸೋದರತ್ತೆಗೆ. “ಏನ್ರೀ, ಆಸ್ಪತ್ರೆಯಲ್ಲಿ ಫೋಟೋ ತೆಗೆದು ತೋರಿಸಿದ್ರು. ಒಂದೇ! ಹೌದು, ಒಂದೇ! ಇಲ್ಲ, ಕಾಯಿಲೆ ಗೀಯಿಲೆ ಆಮೇಲೆ ಹೇಳ್ತೀನಿ, ಮೊದಲು ನೀವು ಒಪ್ಪಿಕೊಳ್ಳಿ.” ತಂತು ಅಂದರೆ ದಾರ ತಾನೇ ಎಂದು, ಡಾಕ್ಟರಮ್ಮನಿಗೆ ಅವಳು ಅಂದಿನಿಂದ ‘ದಾರದ ಡಾಕ್ಟ್ರು’ ಎಂದು ಹೆಸರಿಟ್ಟಳು.

ಗೇಣುವಿಗೆ ಅಂದು ರಾತ್ರಿ ಊಟ ಸೇರಲಿಲ್ಲ. ದುಃಖವೂ ಅಲ್ಲದ, ಗೆಲುವೂ ಅಲ್ಲದ ಏನೋ ಒಂದು ಎದೆಯಲ್ಲಿ ಕೂತಿತ್ತು. “ನನ್ನಲ್ಲಿ ಒಂದು ಕಡಿಮೆ ಇದೆಯಂತೆ,” ಎಂದಳು ಗಂಡನಿಗೆ.

ಬಡಗಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದವನು, “ನಿನ್ನ ಜೊತೆ ಬಾಳೋ ನನಗೆ ಅದು ಗೊತ್ತಾಗಿಲ್ಲ,” ಎಂದ. ಸ್ವಲ್ಪ ಯೋಚಿಸಿ, “ಎರಡೂ ಇದ್ದಿದ್ರೆ ಇನ್ನೂ ಎಷ್ಟು ಮಾತಾಡ್ತಿದ್ಯೋ ದೇವರೇ,” ಎಂದು ಸೇರಿಸಿದ. ಅವಳು ಬ್ರೆಡ್ಡಿನ ಚೂರು ಅವನ ಮೇಲೆ ಎಸೆದಳು. ಎಸೆದ ಮೇಲೆ ಹಸಿವಾಯಿತು.

ಹೃದಯದ ಪರೀಕ್ಷೆಯಲ್ಲಿ ಮೆಟ್ಟಿಲಿನ ಕಷ್ಟಕ್ಕೆ ಕಾರಣ ಸಿಕ್ಕಿತು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಎದೆಯೊಳಗೆ ಒಂದು ಕಡೆ ಇರುಕಾಗಿತ್ತು. ಟರ್ನರ್ ಇರುವ ಕೆಲವರಿಗೆ ಹುಟ್ಟಿನಿಂದಲೇ ಹೀಗಿರುತ್ತದೆಯಂತೆ. ತಲೆಗೆ, ಕೈಗೆ ರಕ್ತ ರಭಸದಿಂದ ಹೋಗುತ್ತಿತ್ತು, ಕಾಲಿಗೆ ಎಳೆದುಕೊಂಡು ಹೋಗುತ್ತಿತ್ತು. ಇನ್ನು ಕೆಲವು ವರ್ಷ ಹಾಗೇ ಬಿಟ್ಟಿದ್ದರೆ ಜೀವಕ್ಕೇ ಅಪಾಯವಿತ್ತು. ತೊಡೆಸಂದಿಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಇರುಕಾದಲ್ಲಿ ಬಲೂನು ಉಬ್ಬಿಸಿ, ಜಾಲರಿಯ ಸುರುಳಿಯೊಂದನ್ನು ಕೂರಿಸಿದರು. ಎಚ್ಚರವಾದಾಗ ಗೇಣು ಮೊದಲು ಹೇಳಿದ ಮಾತು, “ಕಾಲು ಬೆಚ್ಚಗಿದೆ!” ಜೀವಮಾನದಲ್ಲಿ ಅವಳ ಪಾದ ಬೆಚ್ಚಗಿದ್ದದ್ದು ಅದೇ ಮೊದಲು. ದಪ್ಪ ಕಾಲುಚೀಲ ಹಾಕಿಕೊಂಡೇ ಮಲಗುವುದು ಎಲ್ಲರ ಪಾಡು ಎಂದು ಅವಳು ಅಂದುಕೊಂಡಿದ್ದಳು.

ಮೂರನೇ ದಿನ ಮಧ್ಯಾಹ್ನ ಏಣಿ ಸೇಬು ತಂದಳು. ಮಂಚದ ಪಕ್ಕ ಕೂತು ಒಂದನ್ನು ಸಿಪ್ಪೆ ಕಡಿಯದಂತೆ ಉದ್ದಕ್ಕೂ ಸುಲಿಯತೊಡಗಿದಳು. ಅವಳು ಹಾಗೆ ಮೈಯೆಲ್ಲ ಗಮನವಾಗಿ ಏನಾದರೂ ಮಾಡುತ್ತಿದ್ದರೆ ಹಿಂದೆ ಏನೋ ದೊಡ್ಡ ಮಾತು ಇದೆಯೆಂದು ಗೇಣುವಿಗೆ ಗೊತ್ತಿತ್ತು.

“ಅಕ್ಕ, ದಾರದ ಡಾಕ್ಟ್ರ ಹತ್ರ ಮಾತಾಡಿದೆ.”

“ಹೂಂ.”

“ನಿನ್ನ ಅಂಡಾಶಯ ಬೆಳೆದಿಲ್ಲ ಅಂದ್ರು. ಬಸಿರು ಹೊರೋದು ನಿನ್ನ ಹೃದಯಕ್ಕೆ ಒಳ್ಳೇದಲ್ಲ ಅಂತಾನೂ ಅಂದ್ರು. ಆದ್ರೆ ನಾವು ಒಂದೇ ಅಲ್ವಾ? ನನ್ನ ಮೊಟ್ಟೆ ಅಂದ್ರೆ ನಿನ್ನದೇ. ನಿನಗೆ ಸಿಗಬೇಕಾಗಿದ್ದಂಥದೇ. ಭಾವನ ಜೊತೆ ಸೇರಿಸಿ ಲ್ಯಾಬಿನಲ್ಲಿ ಮಾಡ್ತಾರೆ. ನಾನು ಹೊರ್ತೀನಿ. ನಮ್ಮವರನ್ನೂ ಕೇಳಿದೆ, ಅವರೂ ಹೂಂ ಅಂದ್ರು. ಹುಟ್ಟಿದ ಮೇಲೆ ನಿನ್ನದು.”

ಗೇಣು ತಂಗಿಯ ಕೈಯಿಂದ ಇಳಿಬಿದ್ದ ಸಿಪ್ಪೆಯನ್ನೇ ನೋಡುತ್ತ, “ಬೇಡ ಕಣೇ,” ಎಂದಳು.

ಏಣಿಯ ಕೈಯಲ್ಲಿ ಸಿಪ್ಪೆ ಕಡಿಯಿತು. “ಯಾಕೆ? ನಾನು ಕೊಟ್ಟಿದ್ದು ಅಂತಾನಾ?”

“ಅಲ್ಲ.”

“ಮತ್ತೆ? ಎಲ್ಲ ನಾನೇ ತಗೊಂಡೆ. ಎತ್ತರ ನಾನು ತಗೊಂಡೆ, ಮಗು ನಾನು ತಗೊಂಡೆ, ಹಾಲೂ ನಾನೇ ಕುಡಿದೆ. ಸೋದರತ್ತೆ ಬಂದಾಗಲೆಲ್ಲ ಏನನ್ನೋರು ಗೊತ್ತಾ? ‘ಇವಳು ಅಕ್ಕನ ಪಾಲನ್ನೂ ನುಂಗಿ ಬೆಳೆದ್ಲು.’ ನಗ್ತಾನೇ ಅನ್ನೋರು. ನಾನೂ ನಗ್ತಿದ್ದೆ. ಒಂದು ಸಲನಾದ್ರೂ ನಿನಗೆ ಏನಾದ್ರೂ ಕೊಡೋಣ ಅಂದ್ರೆ ಬೇಡ ಅಂತೀಯ!” ಏಣಿ ಚಾಕುವನ್ನು ತಟ್ಟೆಗೆ ಎಸೆದು ಕಿಟಕಿಯ ಕಡೆ ತಿರುಗಿ ನಿಂತಳು.

ಗೇಣುವಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ತೊಡೆಸಂದಿಯ ಗಾಯ ಎಳೆಯುತ್ತಿತ್ತು. ಒಂದು ಕೈಯಲ್ಲಿ ಅದನ್ನು ಒತ್ತಿ ಹಿಡಿದುಕೊಂಡೇ ನಕ್ಕಳು. “ಅಮ್ಮ ಒಬ್ಬಳೇ ಅಂದ್ಕೊಂಡಿದ್ದೆ. ನೀನೂನಾ? ಡಾಕ್ಟ್ರು ಅಷ್ಟು ಬಿಡಿಸಿ ಹೇಳಿದ್ರಲ್ಲ, ಕಿವಿಗೆ ಹತ್ತಿ ಇಟ್ಕೊಂಡಿದ್ಯಾ? ಯಾರೂ ಯಾರದ್ದೂ ತಗೊಂಡಿಲ್ಲ. ಬಿದ್ದುಹೋಯ್ತು, ಅಷ್ಟೇ.”

ಏಣಿ ತಿರುಗಲಿಲ್ಲ. ಗೇಣು ನಿಧಾನವಾಗಿ ಹೇಳಿದಳು:

“ಮಗು ಬೇಕು ಅಂತ ಅನ್ನಿಸಿರಲಿಲ್ಲ ಅಂತಲ್ಲ. ಮದುವೆಯಾದ ಹೊಸದರಲ್ಲಿ ಮಕ್ಕಳ ನಾಟಕ ಇತ್ತು. ಚಿಕ್ಕ ಚಿಕ್ಕ ಮೊಲದ ವೇಷ ಹೊಲೀತಾ ಕೂತಿದ್ದೆ. ಇಷ್ಟಿಷ್ಟು ತೋಳು. ಅವತ್ತು ಬಾಗಿಲು ಹಾಕ್ಕೊಂಡು ಅತ್ತೆ. ಆಮೇಲೂ ಎರಡು ಮೂರು ಸಲ ಅತ್ತೆ. ಆಮೇಲೆ ಅಳು ಬರಲಿಲ್ಲ. ಬೇಕಂತ ನಿಲ್ಲಿಸಿದ್ದಲ್ಲ ಕಣೇ, ಮುಗೀತು. ಈಗ ಬೆಳಗ್ಗೆ ಎದ್ರೆ ಕೋಣೆಗೆ ಹೋಗೋಣ ಅನ್ನಿಸತ್ತೆ, ಸಂಜೆ ಆದ್ರೆ ಮನೆಗೆ ಹೋಗೋಣ ಅನ್ನಿಸತ್ತೆ. ನಿನ್ನ ಮಗಳು ಬಂದು ನನ್ನ ಗುಂಡಿ ಡಬ್ಬ ಎಲ್ಲ ಚೆಲ್ಲಿ ಹೋಗ್ತಾಳೆ. ಇನ್ನೇನು ಬೇಕು? ನೀನು ಒಂಬತ್ತು ತಿಂಗಳು ಹೊತ್ತು ಹೆತ್ತು ಕೊಟ್ರೆ, ಅದು ನಾನು ಕೇಳಿದ ಮಗು ಆಗಲ್ಲ. ನಿನ್ನ ಮನಸ್ಸಿನ ಭಾರ ಇಳಿಸೋಕೆ ಬಂದ ಮಗು ಆಗತ್ತೆ. ಪಾಪ, ಅದಕ್ಯಾಕೆ ಆ ಕೆಲಸ?”

“ಭಾವ ಏನಂತಾರೆ?”

“ಅವನನ್ನ ಯಾವತ್ತೋ ಕೇಳಿದ್ದೀನಿ. ‘ನೀನು ಬೇಕು ಅಂದ್ರೆ ತೊಟ್ಟಿಲು ಮಾಡ್ತೀನಿ, ಬೇಡ ಅಂದ್ರೆ ಕಪಾಟು ಮಾಡ್ತೀನಿ’ ಅಂದ. ನಮಗೆ ಕಪಾಟೇ ಬೇಕಾಗಿತ್ತು.”

ಏಣಿಯ ಬೆನ್ನು ಅಲ್ಲಾಡಿತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೇಣುವಿಗೆ ತಿಳಿಯಲಿಲ್ಲ. ತಿರುಗಿದಾಗ ಎರಡೂ ಇತ್ತು.

“ಏನಾದ್ರೂ ಕೊಡಲೇಬೇಕು ಅಂತ ಅಷ್ಟೊಂದು ಹಟ ಇದ್ರೆ,” ಎಂದಳು ಗೇಣು, “ಕಾರು ಓಡಿಸೋದು ಕಲಿಸು.”

“ನಿನಗಾ? ನಿನ್ನ ಕಾಲು ಪೆಡಲಿಗೆ ಎಟುಕಲ್ಲ!”

“ಊರಿಗೆಲ್ಲ ಕಲಿಸ್ತೀಯ. ನನಗೆ ಯಾವತ್ತಾದ್ರೂ ಬಾ ಅಂದಿದ್ದೀಯಾ? ಎಟುಕಲ್ಲ ಅಂತ ನೀನೇ ತೀರ್ಮಾನ ಮಾಡ್ಕೊಂಡೆ.”

ಏಣಿ ಅರ್ಧ ಸುಲಿದ ಸೇಬನ್ನು ತಾನೇ ಕಚ್ಚಿ ತಿಂದಳು.

ಗೇಣುವಿನ ಗಾಯ ಮಾಗಿತು. ಮೂಳೆ ಸವೆಯದಿರಲಿ ಎಂದು ಬಹಳ ಹಿಂದೆ ಬಿಟ್ಟುಹೋಗಿದ್ದ ಹಾರ್ಮೋನು ಗುಳಿಗೆಯನ್ನು ದಾರದ ಡಾಕ್ಟರು ಮತ್ತೆ ಶುರುಮಾಡಿಸಿದರು. ಮೇಲಂತಸ್ತಿನ ಮೆಟ್ಟಿಲನ್ನು ಅವಳು ನಿಲ್ಲದೆ ಹತ್ತಿದ ದಿನ, ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಮೈ ಬಂದ ನಾಯಕ, “ನನಗೂ ಒಂದು ಬಲೂನು ಹಾಕಿಸಬಹುದಾ?” ಎಂದು ಕೇಳಿದ.

ಕಾರಿನ ಪಾಠಕ್ಕೆ ಬಡಗಿ ಉತ್ಸಾಹದಿಂದ ಪೆಡಲುಗಳಿಗೆ ಕಟ್ಟಲು ಮರದ ತುಂಡು ಮಾಡಿಕೊಟ್ಟ. ನುಣ್ಣಗೆ ಉಜ್ಜಿ, ಅಂಚಿಗೆ ಕೆತ್ತನೆ ಬೇರೆ ಮಾಡಿದ್ದ. ಡ್ರೈವಿಂಗ್ ಶಾಲೆಯ ಯಜಮಾನರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಬಹಳ ಚೆನ್ನಾಗಿದೆ. ಮನೆಯಲ್ಲಿ ಶೋಕೇಸಿನಲ್ಲಿ ಇಡಿ,” ಎಂದರು. ಕೊನೆಗೆ ಮೆಕ್ಯಾನಿಕ್ ಬಿಗಿಯಾಗಿ ಕೂರುವ ಲೋಹದ ಪೆಡಲು ಜೋಡಿಸಿದ. ಸೀಟಿಗೆ ಗೇಣು ತಾನೇ ಗಟ್ಟಿ ದಿಂಬು ಹೊಲಿದಳು, ಕಡು ಕೆಂಪು ಮಖಮಲ್ಲು, ಯಾವುದೋ ರಾಣಿಯ ಗೌನಿನಲ್ಲಿ ಉಳಿದದ್ದು.

ಅಕ್ಕತಂಗಿಯರು ಒಂದೇ ಕಾರಿನಲ್ಲಿ ಕೂತರೆ ಶಾಂತಿ ಇರುತ್ತದೆಯೇ? ಹಳೆಯ ಗೋದಾಮಿನ ಅಂಗಳದಲ್ಲಿ ಕಾರು ಕಪ್ಪೆಯಂತೆ ಕುಪ್ಪಳಿಸುತ್ತಿದ್ದರೆ ಒಳಗಿನ ಕೂಗಾಟ ಗೇಟಿನವರೆಗೆ ಕೇಳುತ್ತಿತ್ತು.

“ಕ್ಲಚ್ ಬಿಡು! ಮೆಲ್ಲಗೆ! ಮೆಲ್ಲಗೆ ಅಂದ್ನಲ್ಲ!”

“ಕಿರುಚಬೇಡ, ನಾನು ನಿನ್ನ ಅಕ್ಕ!”

“ಕಾರಿಗೆ ಅದು ಗೊತ್ತಿಲ್ಲ!”

ಮೊದಲ ಸಲ ಪರೀಕ್ಷೆಯಲ್ಲಿ ಗೇಣು ಫೇಲಾದಳು. ಪರೀಕ್ಷಕರು ಬಾಗಿಲು ತೆರೆದವರೇ, “ಮಗು, ಅಪ್ಪ ಅಮ್ಮ ಎಲ್ಲಿ?” ಎಂದರಂತೆ. ಅವಳಿಗೆ ಬಂದ ಸಿಟ್ಟಿಗೆ ಕಾರು ಫುಟ್‌ಪಾತು ಹತ್ತಿತು. ಎರಡನೇ ಸಲ ಕೂದಲು ಎತ್ತಿ ಗಂಟು ಹಾಕಿ, ನ್ಯಾಯಾಧೀಶರ ವೇಷದ ಬಿಳಿ ಕಾಲರು ಹಚ್ಚಿದ ಕರಿ ಕೋಟು ತೊಟ್ಟು ಹೋದಳು. ಪರೀಕ್ಷಕರು ಪರೀಕ್ಷೆ ಮುಗಿಯುವ ತನಕ “ಮೇಡಂ” ಎಂದೇ ಕರೆದರು. ಪಾಸಾದಳು.

ವಸಂತ ಬಂದಾಗ ಗಂ‍ಡ ಹೆಂಡತಿ ಹಳೆಯದೊಂದು ನೀಲಿ ಕಾರು ಕೊಂಡರು. ಮೊದಲ ಭಾನುವಾರ ನದಿಯ ಕಡೆಗೆ ಹೊರಟರು. ಹಿಂದಿನ ಸೀಟಿನಲ್ಲಿ ಅಮ್ಮ, ಬಡಗಿ, ನಡುವೆ ಏಣಿಯ ಮಗಳು. ಮುಂದೆ ಏಣಿ, ಕೈಕಾಲು ಮಡಿಸಿಕೊಂಡು. ಅಮ್ಮ ಒಳ್ಳೆಯ ಬಟ್ಟೆ ಉಟ್ಟಿರಲಿಲ್ಲ. ಮನೆಯಲ್ಲಿ ಹಾಕುವ ಮಾಸಲು ಸ್ವೆಟರಿನಲ್ಲೇ ಬಂದಿದ್ದಳು. ಕಾರು ಬೀದಿ ದಾಟಿ, ಮಾರುಕಟ್ಟೆ ದಾಟಿ, ಸೇತುವೆಯ ಮೇಲೆ ಬಂತು. ಕೆಳಗೆ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಎದುರಿನಿಂದ ಬಂದ ಲಾರಿಯವನು ಸ್ಟಿಯರಿಂಗಿನ ಹಿಂದೆ ಯಾರೂ ಕಾಣದೆ ಕಣ್ಣು ಕಣ್ಣು ಬಿಟ್ಟ.

“ದೊಡ್ಡಮ್ಮ, ಇನ್ನೂ ಜೋರಾಗಿ!” ಎಂದಳು ಹಿಂದಿನಿಂದ ಪುಟ್ಟಿ.

ಏಣಿಯ ಬಲಗಾಲು ಕೆಳಗಿನ ಚಾಪೆಯನ್ನು ಒತ್ತಿ ಒತ್ತಿ ಏನನ್ನೋ ಹುಡುಕುತ್ತಿತ್ತು.

“ಕಾಲು ತೆಗಿ,” ಎಂದಳು ಗೇಣು, ರಸ್ತೆಯಿಂದ ಕಣ್ಣು ತೆಗೆಯದೆ. “ಅಲ್ಲಿ ಬ್ರೇಕಿಲ್ಲ. ಇದು ನನ್ನ ಕಾರು.”

ಏಣಿ ಕಾಲು ತೆಗೆದಳು. ಕಿಟಕಿ ಇಳಿಸಿ ಮೊಣಕೈ ಆಚೆ ಇಟ್ಟು ನದಿ ನೋಡತೊಡಗಿದಳು. ಸೇತುವೆ ದಾಟುವ ಹೊತ್ತಿಗೆ ಹಿಂದಿನ ಸೀಟಿನಿಂದ ಬಡಗಿಯ ಗೊರಕೆ ಶುರುವಾಯಿತು. ಅಮ್ಮ ಅವನ ತಲೆಯನ್ನು ಮೆಲ್ಲಗೆ ಕಿಟಕಿಯ ಕಡೆ ತಳ್ಳಿ, ಗೇಣುವಿಗೆ, “ಎಡಕ್ಕೆ ತಿರುಗು, ಆ ಕಡೆ ನೆರಳಿದೆ,” ಎಂದಳು. ಗೇಣು ಎಡಕ್ಕೆ ತಿರುಗಿಸಿದಳು.